ಯಾರ ಹೆಸರು ಹಾಕಲಿ?

"ನನ್ನ ಹೆಸರನ್ನ ಅರ್ಧಕ್ಕೆ ಕತ್ತರಿಸೋಕೆ ನೀವು ಯಾರ್ರೀ?"

ಬೋರ್ಡ್ ಬರೆಯುವವನು ನೆಲದ ಮೇಲೆ ಮಂಡಿಯೂರಿ ಚಪ್ಪಲಿ ಅಂಗಡಿಯೊಂದರ ಬೋರ್ಡಿಗೆ ಹಳದಿ ಬಳಿಯುತ್ತಿದ್ದ. ಬೆಚ್ಚಿದ ರಭಸಕ್ಕೆ ಬ್ರಷ್ ಜಾರಿ ಚಿತ್ರದ ಚಪ್ಪಲಿಗೊಂದು ಬಾಲ ಬಂತು!

ಬಾಗಿಲಲ್ಲಿ ಲ್ಯಾಬಿನ ಬಿಳಿ ಕೋಟನ್ನೂ ಬಿಚ್ಚದೆ ಓಡಿಬಂದಿದ್ದ ಹೆಂಗಸು. ಮುಖ ಕೆಂಡ. ಮುಂದಕ್ಕೆ ಚಾಚಿದ ಕೈಯಲ್ಲಿ ಮೊಬೈಲು.

"ಬನ್ನಿ, ಕೂತ್ಕೊಳ್ಳಿ..."

"ಕೂರೋಕೆ ಬಂದಿಲ್ಲ ನಾನು! ಓದಿ ಇದನ್ನ."

ಅವನು ಓದಿದ. ಆನ್‌ಲೈನಿನಲ್ಲಿ ಪುಸ್ತಕ ಪ್ರಕಟಿಸುವ ಆ್ಯಪಿನವರ ಉತ್ತರ ಅದು. ಮುಖಪುಟದಲ್ಲಿರುವ ಲೇಖಕಿಯ ಹೆಸರು ಒಂದು, ನೀವು ತುಂಬಿರುವ ಹೆಸರು ಇನ್ನೊಂದು. ಎರಡೂ ಒಂದೇ ಆಗುವವರೆಗೆ ನಿಮ್ಮ ಪುಸ್ತಕ ಹೊರಗೆ ಬರುವುದಿಲ್ಲ.

ಅವಳ ಮೊದಲ ಪುಸ್ತಕ. ಲ್ಯಾಬಿನಲ್ಲಿ ರಕ್ತಪರೀಕ್ಷೆಗೆ ಬರುವವರ ಕುರ್ಚಿ ಖಾಲಿಯಾದಾಗಲೆಲ್ಲ ಮೊಬೈಲಿನಲ್ಲೇ ಟೈಪ್ ಮಾಡಿ ಮುಗಿಸಿದ ಕಾದಂಬರಿ. ಅಧ್ಯಾಯ ಒಡೆಯುವುದು ಹೇಗೆ, ಫೈಲ್ ಏರಿಸುವುದು ಹೇಗೆ ಅಂತ ವಿಡಿಯೋ ನೋಡಿ ನೋಡಿ ಕಲಿತಿದ್ದಳು. ಒಮ್ಮೆ ಪ್ಯಾರಾಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗಿದ್ದವು. ಇನ್ನೊಮ್ಮೆ ಏಳನೆಯ ಅಧ್ಯಾಯ ಎರಡೆರಡು ಸಲ ಬಂದಿತ್ತು. ಎಲ್ಲ ದಾಟಿ ಬಂದವಳು ಈಗ ದಡದಲ್ಲಿ ಮುಗ್ಗರಿಸಿದ್ದಳು.

ಕವರ್ ಒಂದನ್ನು ಮಾತ್ರ ತಂಗಿಯ ಮೂಲಕ ಇವನಿಂದ ಮಾಡಿಸಿದ್ದಳು. ಆ್ಯಪಿನಲ್ಲಿ ಅವಳು ತುಂಬಿದ್ದು ಬ್ಯಾಂಕಿನಲ್ಲೂ ಎದೆಯ ಮೇಲಿನ ಬ್ಯಾಡ್ಜಿನಲ್ಲೂ ಇರುವ ಉದ್ದನೆಯ ಹೆಸರು. ಮುಂದೆ ಅವಳದು, ಹಿಂದೆ ವಿಚ್ಛೇದನವಾಗಿ ವರ್ಷಗಳೇ ಕಳೆದಿದ್ದ ಗಂಡನದು. ತಂಗಿ ಬರೆದು ಕಳಿಸಿದ್ದೂ ಅದನ್ನೇ. ಇವನು ಮುಖಪುಟದಲ್ಲಿ ಗಂಡನ ಹೆಸರನ್ನು ತೆಗೆದುಬಿಟ್ಟಿದ್ದ! ತುರಾತುರಿಯಲ್ಲಿ ಅವಳು ಚಿತ್ರ ನೋಡಿದ್ದಳು, ಹೆಸರು ನೋಡಿರಲಿಲ್ಲ.

"ತಪ್ಪಾಯ್ತು. ನೀವು ಹೇಳಿದ ಹಾಗೇ ಹಾಕಿಕೊಡ್ತೀನಿ," ಎಂದ ಅವನು ಮೆಲ್ಲಗೆ.

ಅಷ್ಟೇನಾ? ಜಗಳಕ್ಕೆ ಮಾತು ಕಟ್ಟಿಕೊಂಡು ಬಂದಿದ್ದವಳು ಬಂದಷ್ಟೇ ವೇಗವಾಗಿ ಹೊರಟುಹೋದಳು.

ಸಂಜೆಗೆಲ್ಲ ಹೊಸ ಕವರ್ ಬಂತು. ಉದ್ದನೆಯ ಹೆಸರು, ತಪ್ಪಿಲ್ಲದೆ.

ಆದರೆ ಅದನ್ನು ಏರಿಸಲು ಅವಳ ಬೆರಳು ಮುಂದಾಗಲಿಲ್ಲ.

ಕವರ್ ತೆರೆದಳು, ಮುಚ್ಚಿದಳು. ಒಲೆ ಮೇಲಿಟ್ಟ ಹಾಲು ಉಕ್ಕಿತು. ಮರುದಿನ ಲ್ಯಾಬಿನಲ್ಲಿ ಒಬ್ಬ ಅಜ್ಜನ ಎಡಗೈಗೆ ಪಟ್ಟಿ ಬಿಗಿದು ಬಲಗೈ ಒರೆಸಿದಳು. "ಏನಮ್ಮಾ, ಎರಡೂ ಕಡೆ ಚುಚ್ತೀಯಾ?" ಎಂದು ಅಜ್ಜ ಗಾಬರಿಯಾದ.

ಏನಾಗಿದೆ ನನಗೆ? ಬರೀತೀನಿ ಅಂದಾಗಲೆಲ್ಲ ನಗುತ್ತಿದ್ದ ಆ ಗಂಡನ ಹೆಸರು ಪುಸ್ತಕದ ಮೇಲೆ... ನನ್ನ ಕೈಯಾರೆ ಹಾಕ್ತಿದ್ದೀನಲ್ಲ!

"ಇನ್ನೂ ಕಳಿಸಿಲ್ವೇನೇ ಅಕ್ಕಾ?" ತಂಗಿ ಫೋನಿನಲ್ಲಿ ರೇಗಿದಳು. "ಪಾಪ ಬ್ರಷ್ಷಣ್ಣ, ಕವರಿಗಾಗಿ ಪೂರ್ತಿ ಕಾದಂಬರಿ ಓದಿದ್ರಂತೆ. ಮುಗಿದ ಮೇಲೆ ನಂಗೆ ಫೋನ್ ಮಾಡಿ, ಇವರು ಇನ್ನೂ ಬರೀತಾರಾ ಅಂತ ಕೇಳಿದ್ರು."

"ಓದಿದ್ನಾ? ನೀನ್ಯಾಕೆ ಹೇಳಲಿಲ್ಲ?"

"ನೀನು ಹೇಳೋಕೆ ಬಿಟ್ರೆ ತಾನೇ? ಕೋಟು ಹಾಕ್ಕೊಂಡು ಯುದ್ಧಕ್ಕೆ ಹೋದೆ!"

ಅವಳು ಫೋನಿಟ್ಟು ಮತ್ತೆ ಆ ಕವರ್ ತೆರೆದಳು.

ಮಧ್ಯಾಹ್ನ ಲ್ಯಾಬಿನ ಕುರ್ಚಿಯಲ್ಲಿ ಬಂದು ಕುಳಿತವನು... ಅವನೇ!

"ಚೀಟಿ?"

"ಇಲ್ಲ."

"ಏನು ಟೆಸ್ಟು?"

"ನೀವು ಹೇಳಿದ್ದು."

ಸಾಲಿನಲ್ಲಿದ್ದವರು ಕಿಸಕ್ಕನೆ ನಕ್ಕರು. ಅವಳು ಸೂಜಿ ಎತ್ತಿದಳು. ಅಷ್ಟೆತ್ತರದ ಆಳು ಗೋಡೆಯತ್ತ ಮುಖ ತಿರುಗಿಸಿ ಬೆವರತೊಡಗಿದ.

"ಹೆದರ್ಕೊಂಡು ಯಾಕೆ ಬಂದ್ರಿ?"

"ನಿಮ್ಮ ಎದುರು ಕೂರೋಕೆ ಬೇರೆ ದಾರಿ ಕಾಣಲಿಲ್ಲ." ಅವನು ಗೋಡೆಗೇ ಹೇಳಿದ. "ಬೋರ್ಡಲ್ಲಿ ಅಂಗಡಿ ನಡೆಸೋರ ಹೆಸರು ಬರೀತೀವಿ. ಪುಸ್ತಕ ಬರೆದಿದ್ದು ನೀವೊಬ್ಬರೇ ಅಂತ ಓದಿದಾಗ ಅನ್ನಿಸ್ತು. ಅದಕ್ಕೇ ನಿಮ್ಮ ಹೆಸರು ಮಾತ್ರ..."

"ನನ್ನನ್ನ ಕೇಳಿದ್ರಾ?"

ಅವಳು ಅವನ ತೋಳಿಗೆ ಸೂಜಿ ಚುಚ್ಚಿದಳು.

"ಮದುವೇಲಿ ಆ ಹೆಸರು ಸೇರಿಸುವಾಗ ನನ್ನ ಯಾರೂ ಕೇಳಲಿಲ್ಲ. ಈಗ ತೆಗೆಯುವಾಗ ನೀವೂ ಕೇಳಲಿಲ್ಲ. ನಿಮಗೂ ಅವರಿಗೂ ಏನ್ರೀ ವ್ಯತ್ಯಾಸ?"

ಅವನು ಈಗ ತಿರುಗಿ ನೇರವಾಗಿ ನೋಡಿದ. ಸೂಜಿಯನ್ನೂ ಮರೆತಿದ್ದ.

"ಕೇಳಬೇಕಿತ್ತು. ಒಳ್ಳೇದು ಮಾಡ್ತಿದ್ದೀನಿ ಅನ್ನೋ ಹಮ್ಮಲ್ಲಿ ಕೇಳದೇ ಹೋದೆ. ಕ್ಷಮಿಸಿ. ಇವತ್ತು ಕೇಳ್ತಿದ್ದೀನಿ... ಯಾರ ಹೆಸರು ಹಾಕಲಿ?"

ಈ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿಯೇ ಇರಲಿಲ್ಲ. ಸೂಜಿ ತೆಗೆದು ಹತ್ತಿ ಒತ್ತಿ, "ಕೈ ಮಡಚಿಕೊಳ್ಳಿ," ಎಂದಷ್ಟೇ ಹೇಳಿದಳು.

ಆಮೇಲೆ ಗಡಿಯಾರ ಮುಂದಕ್ಕೇ ಹೋಗಲಿಲ್ಲ. ಕೆಲಸ ಮುಗಿದದ್ದೇ ತಡ, ಅವಳ ಕಾಲು ತಾನಾಗಿ ಅವನ ಅಂಗಡಿಯತ್ತ ತಿರುಗಿತು.

"ನನ್ನ ಹೆಸರೊಂದೇ ಸಾಕು. ಮೊದಲಿನ ಕವರ್ ಕೊಡಿ."

"ಅಳಿಸಿಬಿಟ್ಟೆ. ನೀವು ಬೇಡ ಅಂದಿದ್ರಲ್ಲ!"

ಅವಳಿಗೆ ನಗು ಬಂತು. ಇಬ್ಬರೂ ಕಂಪ್ಯೂಟರಿನ ಮುಂದೆ ಸ್ಟೂಲೆಳೆದುಕೊಂಡು ಕುಳಿತರು.

"ಎಲ್ಲಿರಲಿ?"

"ಮೇಲೆ."

"ಎಷ್ಟು ದಪ್ಪ?"

"ಇನ್ನೂ ದಪ್ಪ... ಇನ್ನೂ! ದೂರದಿಂದ ಕಾಣಬೇಕು."

"ಹೀಗೇ ಹೋದ್ರೆ ಕತೆಯ ಹೆಸರಿಗೆ ಜಾಗ ಇರಲ್ಲ," ಎಂದು ಅವನು ನಕ್ಕ.

ಆ್ಯಪಿನಲ್ಲೂ ಹೆಸರು ತಿದ್ದಿದಳು. ಕವರ್ ಏರಿಸಿ, ಉಸಿರು ಬಿಗಿಹಿಡಿದು 'ಪ್ರಕಟಿಸಿ' ಒತ್ತಿದಳು. 'ಪರಿಶೀಲನೆಯಲ್ಲಿದೆ' ಎಂದಿತು ಮೊಬೈಲು.

ಮತ್ತೆ ಕಾಯುವ ಸಂಕಟ! ಮರುದಿನ ಸಂಜೆಯೂ ಅವಳು ಅಲ್ಲಿಗೇ ಬಂದಳು. ಮನೆಯಲ್ಲಿ ಕುಳಿತರೆ ತಲೆ ಕೆಡುತ್ತದೆ ಎಂದು ನೆಪ ಹೇಳಿದಳು. ಅವನೂ ನಂಬಿದಂತೆ ಮಾಡಿದ. ಅಷ್ಟರಲ್ಲಿ ಫೋನ್ ಬಂತು. ಗಡಿಬಿಡಿಯಲ್ಲಿ ಸ್ಪೀಕರ್ ಒತ್ತಿದಳು.

"ಅಕ್ಕಾ, ಬಂತು ಕಣೇ! ಪುಸ್ತಕ ಬಂತು! ನಿನ್ನ ಹೆಸರು ಎಷ್ಟು ಚೆನ್ನಾಗಿ ಕಾಣ್ತಿದೆ ಗೊತ್ತಾ? ಬ್ರಷ್ಷಣ್ಣಂಗೂ ಹೇಳು. ಅಂದಹಾಗೆ, ಅವರನ್ನ ಇನ್ನೂ ಅಣ್ಣ ಅನ್ಬಹುದಾ, ಇಲ್ಲ ಭಾವ ಅನ್ಬೇಕಾ?"

ಅವಳು ಫೋನನ್ನು ಹಾವು ಕಂಡವಳಂತೆ ಮೇಜಿನ ಮೇಲೆ ಬಿಟ್ಟಳು. ಕಣ್ಣಲ್ಲಿ ಪುಸ್ತಕ ಬಂದ ಖುಷಿಯ ನೀರು, ಕೆನ್ನೆಯಲ್ಲಿ ನಾಚಿಕೆಯ ಬಿಸಿ.

"ನಾನೊಂದು ಕೇಳಲಾ?" ಎಂದ ಅವನು.

"...ಕೇಳಿ."

"ನೀವಂದ್ರೆ ನಂಗೆ ತುಂಬಾ ಇಷ್ಟ. ನನ್ನ ಮದುವೆ ಆಗ್ತೀರಾ? ಅವಸರ ಇಲ್ಲ. ಇಲ್ಲ ಅನ್ನಬೇಕು ಅನಿಸಿದ್ರೆ ಇಲ್ಲ ಅನ್ನಿ."

"ಆದ್ರೆ... ನನ್ನ ಹೆಸರು?"

"ನಿಮ್ಮದು ನಿಮಗೆ, ನನ್ನದು ನನಗೆ. ಬಾಗಿಲಿಗೆ ಎರಡು ಬೋರ್ಡ್ ಬರೀತೀನಿ."

ಇಷ್ಟು ದಿನ ಓಡುತ್ತಲೇ ಇದ್ದ ಅವಳ ಮನಸ್ಸು ಮೊದಲ ಸಲ ಒಂದು ಕಡೆ ಕುಳಿತಿತ್ತು.

"ಎರಡರಲ್ಲಿ ದೊಡ್ಡದು ಯಾರದು?"

"ಅದನ್ನೂ ನೀವೇ ಹೇಳಿ."

"ಒಂದೇ ಅಳತೆ ಇರಲಿ," ಎಂದಳು ಅವಳು. "ಪಕ್ಕಪಕ್ಕ."