ಪೈಲ್ವಾನ ಮತ್ತು ದಕ್ಷಿಣದ ಗೋಡೆ

ಗೋಡೆಯ ಬುಡದಲ್ಲಿ ಕೆದರಿದ ಕಿಂಡಿಯಲ್ಲಿ ಪೈಲ್ವಾನನ ಅರ್ಧ ಮೈ ಆಚೆ, ಅರ್ಧ ಈಚೆ. ಈಚೆಗಿದ್ದ ಹಿಂಗಾಲು ಎರಡನ್ನೂ ಗಟ್ಟಿಯಾಗಿ ಹಿಡಿದುಕೊಂಡು ಅಮೃತಾ ಮಣ್ಣಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ಕೊಪ್ಪಳದ ಲ್ಯಾಬಿಗೆ ಹೊರಟಿದ್ದವಳು. ಇಸ್ತ್ರಿ ಮಾಡಿದ ಚೂಡಿದಾರದ ಗತಿ ದೇವರಿಗೇ ಪ್ರೀತಿ. ಅಷ್ಟರಲ್ಲಿ ಆಚೆಯಿಂದ ಯಾರೋ ನಾಯಿಗೆ ಕೈ ಹಾಕಿದ್ದು ತಿಳಿಯಿತು.

“ಯಾರದು? ಮಂದಿ ನಾಯಿ ಜಗ್ಗಾಕ ನಾಚಿಕಿ ಬರೂದಿಲ್ಲ?”

“ಜಗ್ಗಾಕತ್ತಿಲ್ರಿ, ನೂಕಾಕತ್ತೀನಿ. ನೀವು ಜಗ್ಗ್ರಿ.”

ಒಬ್ಬರು ನೂಕಿ ಒಬ್ಬರು ಜಗ್ಗಿ ಪೈಲ್ವಾನ ಫಕ್ಕನೆ ಒಳಗೆ ಬಂದ. ಅಮೃತಾ ಹಿಂದಕ್ಕೆ ಬಿದ್ದಳು. ಗೋಡೆಯ ಮೇಲೊಂದು ಮುಖ ಎದ್ದಿತು. ಹಿಂದಿನ ಓಣಿಯಲ್ಲಿ ಕಿಟಕಿ, ಗೇಟು ಬೆಸೆಯುವ ಗ್ರಿಲ್ ಅಂಗಡಿಯ ಸಿದ್ದೇಶ. ನಗು ತಡೆಯಲು ಅವನು ಪಡುತ್ತಿದ್ದ ಕಷ್ಟ ನಗುವುದಕ್ಕಿಂತ ಕೆಟ್ಟದಾಗಿ ಕಾಣುತ್ತಿತ್ತು.

“ನಿಮ್ಮಪ್ಪಾರು ಫೋನ್ ಮಾಡಿದ್ರು. ಗ್ವಾಡಿ ಗಟ್ಟಿ ಮಾಡಬೇಕಂತ್ರಿ.”

ಅಮೃತಾ ಮಣ್ಣು ಕೊಡವಿಕೊಂಡಳು. ಈ ಮನುಷ್ಯನನ್ನು ಅವಳು ಮೂರು ವರ್ಷ ದಿನಾ ನೋಡಿದ್ದಳು, ಬಸ್ಸಿಗೆ ಹೋಗುವಾಗ. ಯಾವತ್ತು ನೋಡಿದರೂ ಅಂಗಡಿಯ ಮುಂದೆ ಕೈ ಕಟ್ಟಿಕೊಂಡು ಕೂತಿರುವ ಸೋಮಾರಿ. ಇವನು ಗೋಡೆ ಗಟ್ಟಿ ಮಾಡಿದ ಹಾಗೇ ಸರಿ ಎಂದುಕೊಂಡಳು.

ನಿಜ ಹೇಳಬೇಕೆಂದರೆ ಅಲ್ಲಿ ಮೊದಲು ಗೋಡೆಯೇ ಇರಲಿಲ್ಲ. ದೀಪಾವಳಿವರೆಗೂ ಅದು ಗೇಟು. ಅಮೃತಾಳನ್ನು ನೋಡಲು ಬಂದ ಎರಡು ಮನೆಯವರು ಉಪ್ಪಿಟ್ಟು, ಶಿರಾ ತಿಂದು ಹೋದವರು ತಿರುಗಿ ಫೋನ್ ಮಾಡಲಿಲ್ಲ. ಅವಳಪ್ಪ ಕೊಟ್ರಬಸಪ್ಪ ಬೀಜ-ಗೊಬ್ಬರದ ಅಂಗಡಿಯವರು. ಊರ ಹೊಲಕ್ಕೆಲ್ಲ ಉಪಾಯ ಹೇಳುವವರಿಗೆ ಸ್ವಂತ ಮಗಳ ವಿಷಯದಲ್ಲಿ ಏನೂ ತೋಚಲಿಲ್ಲ. ವಾಸ್ತು ನೋಡುವವರೊಬ್ಬರು ಬಂದು ಅಂಗಳದ ನಡುವೆ ನಿಂತು, ದಕ್ಷಿಣದ ಬಾಗಿಲಿಂದ ಹುಡುಗಿಯ ಭಾಗ್ಯ ಹೊರಗೆ ಹರಿದು ಹೋಗುತ್ತಿದೆ ಎಂದರು. ಗೇಟು ಕಿತ್ತು ಇಟ್ಟಿಗೆ ಕಟ್ಟಿಸಿ, ಪೂರ್ವಕ್ಕೆ ಹೊಸ ಗೇಟು ಇಟ್ಟರು. ಮನೆಯವರೆಲ್ಲ ದಾರಿ ಬದಲಿಸಿದರು. ಪೈಲ್ವಾನ ಒಬ್ಬ ವಾಸ್ತುವನ್ನು ಒಪ್ಪಲಿಲ್ಲ. ಹಳೇ ಗೇಟಿದ್ದ ಜಾಗದಲ್ಲೇ ಕೆದರಿ, ಕೊರೆದು, ಹಾರಿ ಹೋಗುತ್ತಿದ್ದ.

ಕೊಟ್ರಬಸಪ್ಪನವರಿಗೆ ಇದು ಸಣ್ಣ ಮಾತಾಗಿರಲಿಲ್ಲ. “ನಾ ಮುಚ್ಚಿದ ಬಾಗಿಲಾ ದಿನಾ ನಾಯಿ ತೆಗದ್ರ ಮುಚ್ಚಿ ಏನ್ ಉಪಯೋಗ? ಐತವಾರ ಕುಷ್ಟಗಿ ಮಂದಿ ನೋಡಾಕ ಬರ್ತಾರ. ಅಷ್ಟ್ರಾಗ ಅದು ನಿಲ್ಲಲಿಲ್ಲಂದ್ರ ಹನುಮಸಾಗರಕ್ಕ, ನಿಮ್ಮತ್ತಿ ಹೊಲಕ್ಕ ಕಳಿಸಿಬಿಡಾಂವ ನಾ.”

ಅವರು ಹೇಳಿದ್ದನ್ನು ಮಾಡುವವರೇ. ಅಮೃತಾ ಅಂದೇ ಪೈಲ್ವಾನನಿಗೊಂದು ಬೆಲ್ಟು ತಂದಳು.

ಸಿದ್ದೇಶ ಮೊದಲ ದಿನ ಗೋಡೆಯ ಬುಡಕ್ಕೆ ಬಂಡೆ ಜೋಡಿಸಿದ. ಪೈಲ್ವಾನ ಬಂಡೆಯ ಪಕ್ಕದಲ್ಲಿ ಕೆದರಿಕೊಂಡು ಹೋದ. ಮರುದಿನ ಕಬ್ಬಿಣದ ಜಾಳಿಗೆ ಹೂಳಿದ. ಪೈಲ್ವಾನ ಬಟ್ಟೆ ಒಗೆಯುವ ಕಲ್ಲು ಹತ್ತಿ ಮೇಲಿಂದ ಹಾರಿದ. ಕಲ್ಲು ಸರಿಸಿದರು. ತೊಟ್ಟಿ ಹತ್ತಿದ. ಅಮೃತಾ ಬೆಲ್ಟು ಹಾಕಿ ಕಟ್ಟಿದರೆ ಕತ್ತು ಸಣ್ಣ ಮಾಡಿ ಬೆಲ್ಟು ಬಿಟ್ಟು ಹೋದ. ಹೆಸರಿಗೆ ಪೈಲ್ವಾನ, ಮೈಯಲ್ಲಿ ಎಲುಬು ಬಿಟ್ಟರೆ ಇನ್ನೇನಿಲ್ಲ. ಪ್ರತಿ ಸಲವೂ ಸಿದ್ದೇಶನೇ ಅವನನ್ನು ಎಳೆದುಕೊಂಡು ಬಂದು ಬಿಡುತ್ತಿದ್ದ, ಅಪ್ಪ ಅಂಗಡಿಯಿಂದ ಬರುವುದರೊಳಗೆ.

“ಅಲ್ಲ, ನಿಮ್ಮ ಅಂಗಡ್ಯಾಗ ಇದಕ್ಕ ಏನ್ ಹಾಕ್ತೀರಿ?” ಚಹಾ ಕೊಡುತ್ತ ಅಮೃತಾ ಕೇಳಿದಳು.

“ಏನೂ ಇಲ್ರಿ. ಬರ್ತೈತಿ, ನಿಮ್ಮ ಹಾದಿ ನೋಡ್ಕೋತ ಕೂಡ್ತೈತಿ.”

“ನನ್ನ ಹಾದಿನಾ?”

“ದಿನಾ ನಿಮ್ಮನ್ನ ಬಸ್‌ಸ್ಟಾಪ್ ತನಕ ಬಿಟ್ಟು ಬರ್ತಿತ್ತಲ್ರಿ. ಈಗ ನೀವು ಆ ಓಣಿ ಬಿಟ್ರಿ. ಅದಕ್ಕ ತಿಳಿವಲ್ದು.” ಅವನು ಚಹಾದ ಕಪ್ಪು ತಿರುಗಿಸಿದ. “ಅದಕ್ಕೊಂದ ಅಲ್ಲ.”

ಅಮೃತಾ ಕೇಳಿಸದವಳಂತೆ ಪೈಲ್ವಾನನ ಕಿವಿ ಸವರಿದಳು. ಅವಳದೇ ಕಿವಿ ಬಿಸಿಯಾಗಿತ್ತು. ಏನಾದರೂ ಮಾತಾಡಬೇಕಲ್ಲ, “ನೀವು ಕೆಲಸಾ ಮಾಡೂದು ನಾ ಈಗ ನೋಡಾಕತ್ತಿದ್ದು,” ಎಂದಳು. “ಆವಾಗ ಯಾವಾಗ ಬಂದ್ರೂ ಖಾಲಿ ಕುಂತಿರ್ತಿದ್ರಿ.”

ಸಿದ್ದೇಶ ಅವಳನ್ನು ನೇರ ನೋಡಿದ. “ವೆಲ್ಡಿಂಗ್ ಬೆಳಕು ಕಣ್ಣಿಗೆ ಬಡೀತೈತ್ರಿ. ನೀವು ಮೈಕ್ರೋಸ್ಕೋಪ್ ನೋಡಾವ್ರು. ಓಣಿ ತಿರುವ್ನ್ಯಾಗ ಕಂಡ್ರ ಸಾಕು, ಮಷೀನ್ ಬಂದ್ ಮಾಡ್ತಿದ್ದೆ.”

“ಎಲ್ಲಾರಿಗೂ ಹಂಗ ಬಂದ್ ಮಾಡ್ತೀರೇನು?”

“ಎಲ್ಲಾರಿಗೂ ಮಾಡಿದ್ರ ಅಂಗಡಿ ನಡೀಬೇಕಲ್ರಿ!”

ಇಬ್ಬರೂ ನಕ್ಕರು. ಅವನ ಕಣ್ಣು ಮಾತ್ರ ನಗುವುದನ್ನು ಬೇಗ ನಿಲ್ಲಿಸಿ ಅವಳ ಮೇಲೇ ಉಳಿಯಿತು. ಮೂರು ವರ್ಷ ಸೋಮಾರಿ ಎಂದು ಮನಸ್ಸಲ್ಲೇ ಬೈದದ್ದನ್ನು ನೆನೆದು ಅಮೃತಾಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಆ ರಾತ್ರಿ ಅವಳಿಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ.

ಶನಿವಾರ ಅವನು ಗೋಡೆಯುದ್ದಕ್ಕೂ ಆಳಕ್ಕೆ ಅಗೆದು, ಸರಳು ನೆಟ್ಟು ಕಾಂಕ್ರೀಟು ಹಾಕಿದ. ಮೇಲೆ ಆಳೆತ್ತರದ ಗ್ರಿಲ್ಲು ಕೂರಿಸಿದ. ಪೈಲ್ವಾನ ಮೂಸಿ ನೋಡಿ, ಕೆದರಿ ನೋಡಿ, ಗೋಡೆಗೆ ಮುಖ ಮಾಡಿ ಕೂತುಬಿಟ್ಟ.

“ಇನ್ನ ಹೋಗಂಗಿಲ್ರಿ,” ಎಂದ ಸಿದ್ದೇಶ.

“ಖರೇನ?”

“ಖರೇನ.”

ಕೆಲಸ ಕೆಟ್ಟವನ ಮುಖ ಇದ್ದ ಹಾಗಿತ್ತು ಅವನ ಮುಖ. ಗಟ್ಟಿ ಮಾಡಬೇಡಿ ಎಂದು ಅವಳು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದ್ದರೆ ಪೈಲ್ವಾನ ಹನುಮಸಾಗರಕ್ಕೆ. ಹೇಳಲಿಲ್ಲ, ನಾಳೆಯಿಂದ ಈ ಮನುಷ್ಯ ಈ ಅಂಗಳಕ್ಕೆ ಬರಲು ಕಾರಣವೇ ಇಲ್ಲ. ಯಾವುದನ್ನು ಉಳಿಸಿಕೊಳ್ಳಬೇಕಿತ್ತು? ಅವಳು ಖಾಲಿ ಕಪ್ಪು ತೆಗೆದುಕೊಂಡು ಒಳಗೆ ಹೋದಳು. ಅವನು ಸಾಮಾನು ಕಟ್ಟಿಕೊಂಡು ಹೋದ.

ಐತವಾರ ಕುಷ್ಟಗಿಯವರ ಕಾರು ಬಂತು. ಅವ್ವ ಗುರುಲಿಂಗಮ್ಮ ಸಡಗರದಲ್ಲಿ ಪೂರ್ವದ ಗೇಟನ್ನು ಎರಡೂ ಕಡೆ ಪೂರ್ತಿ ತೆರೆದರು. ಪೈಲ್ವಾನನನ್ನು ಹಿತ್ತಲಿನಲ್ಲಿ ಹಗ್ಗದಲ್ಲಿ ಕಟ್ಟಿ ಹಾಕಿದ್ದರು. ಹಗ್ಗವನ್ನು ಯಾವಾಗ ಕಡಿದನೋ ಯಾರಿಗೂ ಗೊತ್ತಿಲ್ಲ. ಹುಡುಗನ ಅಪ್ಪ ಕಾರಿನಿಂದ ಇಳಿದು ಹಣ್ಣಿನ ಬುಟ್ಟಿ ಸಮೇತ ಒಳಗೆ ಹೆಜ್ಜೆ ಇಡುವುದಕ್ಕೂ ಇವನು ಅವರ ಕಾಲ ಸಂದಿಯಿಂದ ತೂರಿ ಹೊರಗೆ ಬೀಳುವುದಕ್ಕೂ ಸರಿಹೋಯಿತು. ಮೋಸಂಬಿಗಳು ಅಂಗಳದ ತುಂಬ ಉರುಳಿದವು.

“ಹಿಡೀರಿ! ಹಿಡೀರಿ!” ಕೊಟ್ರಬಸಪ್ಪ ಕೂಗಿದರು.

ಅಮೃತಾ ಅಡುಗೆಮನೆ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ತಟ್ಟೆಯನ್ನು ಕೆಳಗಿಟ್ಟಳು. ಇಳಕಲ್ ಸೀರೆಯ ನಿರಿಗೆ ಎತ್ತಿ ಹಿಡಿದು, ಬಂದವರ ನಡುವೆಯೇ ಹಾದು ಓಡಿದಳು. ದೊಡ್ಡ ರಸ್ತೆ ಸುತ್ತಿ ಹಿಂದಿನ ಓಣಿಗೆ ಬರುವಷ್ಟರಲ್ಲಿ ಮುಡಿದ ಹೂವೆಲ್ಲ ದಾರಿಯ ಪಾಲಾಗಿತ್ತು.

ಪೈಲ್ವಾನ ಗ್ರಿಲ್ ಅಂಗಡಿಯ ಮುಂದೆ ನಾಲಿಗೆ ಚಾಚಿ ಕೂತಿದ್ದ. ಎದುರಿಗೆ, ಕಬ್ಬಿಣದ ಪಟ್ಟಿಗಳ ರಾಶಿಯ ಮೇಲೆ ಸಿದ್ದೇಶ. ರಜೆಯ ದಿನ ಮನೆಯಲ್ಲಿ ಕೂರಲಾಗದೆ ಬಂದವನು ಅವಳನ್ನು ಕಂಡು ಎದ್ದು ನಿಂತ.

“ಹಿಡೀರಿ ಅದನ್ನ… ಅಪ್ಪ ಕಳಿಸಿಬಿಡ್ತಾರ…”

ಅವನು ಹಿಡಿದ. “ಬಂದ ಮಂದಿ?”

“ಮನ್ಯಾಗ ಅದಾರ.”

“ಹಂಗಾರ ನೀವ್ಯಾಕ ಬಂದ್ರಿ? ದಿನಾ ನಾನ ತಂದು ಬಿಡ್ತಿದ್ನಲ್ರಿ.”

ಹೌದಲ್ಲ. ಅಮೃತಾ ಏದುಸಿರು ಬಿಡುತ್ತ ನಿಂತಳು. ಇಷ್ಟು ಸುಲಭದ ಮಾತು ಓಡುವಾಗ ಹೊಳೆದಿರಲಿಲ್ಲವೆ? ಹೊಳೆದಿತ್ತು.

“ಮನಿ ಬಿಡೂವಾಗ ನಾಯಿ ಸಲುವಾಗಿನ ಓಡಿದೆ,” ಎಂದಳು. “ಅರ್ಧ ಹಾದ್ಯಾಗ ಗೊತ್ತಾತು, ನಾಯಿ ಸಲುವಾಗಿ ಅಲ್ಲ ಅಂತ. ಆದ್ರೂ ತಿರುಗಿ ಹೋಗಲಿಲ್ಲ. ಏನ್ ಮಾಡ್ಲಿ ಹೇಳ್ರಿ ನಾ?”

ಸಿದ್ದೇಶ ನಾಯಿಯನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡ. ಅವನ ಕಣ್ಣು ತುಂಬಿದ್ದು ಕಂಡು ಅವಳದೂ ತುಂಬಿತು.

ಸ್ಕೂಟರಿನ ಸದ್ದಾಯಿತು. ಕೊಟ್ರಬಸಪ್ಪ ಇಳಿದು, ಮಗಳ ಕೆದರಿದ ತಲೆ ನೋಡಿದರು, ನಾಯಿ ನೋಡಿದರು, ನಾಯಿಯನ್ನು ಹಿಡಿದವನನ್ನು ನೋಡಿದರು. ಮೂವತ್ತು ವರ್ಷ ಗಿರಾಕಿಗಳ ಮುಖ ಓದಿದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

“ಗಟ್ಟಿ ಮಾಡು ಅಂತ ಎಷ್ಟ್ ಹೇಳಿದ್ದೆ ನಿನಗ?” ಎಂದರು ಸಿದ್ದೇಶನಿಗೆ.

“ಗ್ವಾಡಿ ಗಟ್ಟೇ ಐತ್ರಿ ಕಾಕಾರ. ಕಟ್ಟೂವಾಗೆಲ್ಲ ಬಿದ್ದು ಹೋಗ್ಲಿ ಅಂತ ಬೇಡಿಕೊಂಡೀನಿ. ಆದ್ರ ಕೆಲಸದಾಗ ಮೋಸ ಮಾಡಿಲ್ಲ.”

ಕೊಟ್ರಬಸಪ್ಪ ಬಾಗಿ ಪೈಲ್ವಾನನ ಕತ್ತಿನಲ್ಲಿ ಉಳಿದಿದ್ದ ಹಗ್ಗದ ತುಂಡು ಬಿಚ್ಚಿದರು.

“ಗೊತ್ತೈತಿ,” ಎಂದರು. “ಮೋಸ ಮಾಡಿದ್ರ ಅದು ಗ್ವಾಡಿ ಕಡಿಂದನ ಹೋಗ್ತಿತ್ತು. ಬಾಗಿಲಾ ತಗದಾವ್ರು ನಾವ.”

“ಅಪ್ಪಾ, ಬಂದಾವ್ರಿಗೆ ನಾನ ಹೇಳ್ತೀನಿ,” ಎಂದಳು ಅಮೃತಾ.

“ನೀ ಬ್ಯಾಡ. ಕರದಾಂವ ನಾ, ನಾನ ಕೈ ಮುಗಿತೀನಿ.” ಅವರು ಸ್ಕೂಟರ್ ತಿರುಗಿಸಿದರು. ಚಾಲೂ ಮಾಡಲಿಲ್ಲ. ಸಿದ್ದೇಶನ ಕಡೆ ನೋಡದೆಯೇ ಹೇಳಿದರು, “ಅವ್ರು ಹೋಗಿ ಒಂದ್ ತಾಸು ಬಿಟ್ಟು ಮನಿಗೆ ಬಾ. ಕೆಲಸದ ಅರಿವಿ ಹಾಕ್ಕೊಂಡು ಬರಬ್ಯಾಡ. ನಿಮ್ಮವ್ವನ್ನ ಕರಕೊಂಡು ಬಾ.”