ಸಾವಿಲ್ಲದ ಓಣಿ

2025ರ ನವೆಂಬರ್ 17, ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ದಾವಣಗೆರೆಯ ಒಂದು ಠಾಣೆಗೆ ಬಂದಂಥ ದೂರನ್ನು ಇನ್‌ಸ್ಪೆಕ್ಟರ್ ಕೊಟ್ಟೂರೇಶ್ ತಮ್ಮ ಸರ್ವೀಸಿನಲ್ಲೇ ಕೇಳಿರಲಿಲ್ಲ. ಜನ ಸತ್ತಿದ್ದಾರೆಂದು ದೂರು ಬರುವುದುಂಟು. ಜನ ಸಾಯುತ್ತಿಲ್ಲವೆಂದು ಅದುವರೆಗೆ ಯಾರೂ ಬಂದಿರಲಿಲ್ಲ.

ದೂರುದಾರೆ ರಶ್ಮಿತಾ ಮಲೆಬೆನ್ನೂರಿನವರು, ವಿಮಾ ಕಂಪನಿಯೊಂದರಲ್ಲಿ ಆಕ್ಚುಯರಿ. ಯಾವ ಕಸುಬಿನವರಲ್ಲಿ ವರ್ಷಕ್ಕೆ ಎಷ್ಟು ಸಾವು ಆಗಬಹುದು, ಅದಕ್ಕೆ ಕಂತು ಎಷ್ಟಿರಬೇಕು ಎಂದು ಲೆಕ್ಕ ಹಾಕಿ, ಸಹಿ ಮಾಡಿ, ವಿಮಾ ನಿಯಂತ್ರಣ ಪ್ರಾಧಿಕಾರಕ್ಕೆ ಕಳಿಸುವುದು ಅವರ ಕೆಲಸ.

“ಮಂಡಕ್ಕಿ ಭಟ್ಟಿ ಕಾರ್ಮಿಕರ ಸಂಘದಾಗೆ ನಾನೂರು ಜನ ಅದಾರ್ರಿ ಸರ್. ಮೂರು ವರ್ಷದಿಂದ ಒಂದೂ ಸಾವಿಲ್ಲ. ಗುತ್ತೂರು ಫ್ಯಾಕ್ಟರಿಯೋರು ಸಾಯ್ತಾರೆ, ನಮ್ಮೂರ ಹಮಾಲರು ಸಾಯ್ತಾರೆ. ದಿನಾ ಹೊಟ್ಟಿನ ಹೊಗೆ ಕುಡಿಯೋ ಇವ್ರು ಮಾತ್ರ ಸಾಯಲ್ಲ.”

“ಸಾವಿಲ್ಲದ ಮನಿ ಸಾಸಿವಿ ಸಿಕ್ತು ಅನ್ರಿ,” ಎಂದು ಕೊಟ್ಟೂರೇಶ್ ನಕ್ಕರು.

ರಶ್ಮಿತಾ ನಗಲಿಲ್ಲ. “ಸಿಕ್ತು ಅಂತ ನಾನೇ ಎರಡು ಸಲ ಸಹಿ ಹಾಕೀನ್ರಿ. ಸಣ್ಣ ಗುಂಪು, ಅದೃಷ್ಟ ಇರ್ಬೋದು ಅನ್ಕಂಡೆ. ಮೂರ್ನೇ ಸಲ ಕೈ ಬರ್ಲಿಲ್ಲ.”

ವಂಚನೆ ಮತ್ತು ನಕಲಿ ದಾಖಲೆ ಸೃಷ್ಟಿಯ ಆರೋಪದಡಿ ಎಫ್‌ಐಆರ್ ದಾಖಲಾಯಿತು. ಮಹಿಳಾ ಹೆಡ್ ಕಾನ್‌ಸ್ಟೆಬಲ್ ತಸ್ಲೀಮ್ ಸದಸ್ಯರ ಪಟ್ಟಿ ಹಿಡಿದು ಭಟ್ಟಿ ಓಣಿಗೆ ಹೋದರು. ಬದುಕಿದವರು ಬದುಕಿದ್ದಾರೆಯೇ ಎಂದು ನೋಡಿಕೊಂಡು ಬರುವ ಡ್ಯೂಟಿ ಅವರಿಗೂ ಹೊಸದು.

ಆರನೇ ಮನೆ ಇಮಾಂಬಿಯದು.

“ಜುಬೇರ್ ಅದಾರೇನ್ರಿ?”

“ಯಾವ ಜುಬೇರ್ ಕೇಳ್ತೀಯವ್ವಾ? ನಮ್ಮೋರು ಹೋಗಿ ಎರಡು ರಂಜಾನ್ ಆದ್ವಲ್ಲ.”

“ಏನಾಗಿತ್ತು?”

“ಕೆಮ್ಮು. ಕೆಮ್ಮೀ ಕೆಮ್ಮೀನೇ ಹೋದ್ರು.”

“ವಿಮೆ ದುಡ್ಡು ಬಂತಾ?”

“ಕೆಮ್ಮಿನ ಸಾವಿಗೆ ವಿಮಾ ಇಲ್ಲ ಅಂದ್ರು ಹಯಾತ್ ಸಾಬ್ರು, ಸಂಘದ ಕಾರ್ಯದರ್ಶಿ. ಪಾಪ, ತಿಂಗಳಾ ಅಕ್ಕಿ ಅವ್ರೇ ಕಳಸ್ತಾರೆ.”

ಜುಬೇರ್ ಹೆಸರಲ್ಲಿ ಎರಡು ಲಕ್ಷ ಬರಬೇಕಿತ್ತೆಂದು ತಸ್ಲೀಮ್ ಹೇಳಲೇಬೇಕಾಯಿತು. ಇಮಾಂಬಿ ಹೊರಗೆ ನೋಡಿದರು. ಎದುರಿನ ಭಟ್ಟಿಯಲ್ಲಿ ಅವರ ಮಗಳು ಫಿರ್ದೌಸ್ ಬಿಸಿ ಮಂಡಕ್ಕಿಯನ್ನು ಚೀಲಕ್ಕೆ ತುಂಬುತ್ತಿದ್ದಳು. “ಅದ್ನ ಇಸ್ಕೂಲ್ ಬಿಡಿಸಿ ಒಂದು ವರ್ಷಾತು,” ಎಂದಷ್ಟೇ ಅಂದರು.

ಎರಡು ದಿನದಲ್ಲಿ ಪಟ್ಟಿಯ ಹನ್ನೊಂದು ಮಂದಿ ಮಣ್ಣಾಗಿರುವುದು ಗೊತ್ತಾಯಿತು. ಬೇಲಿಯೇ ಎದ್ದು ಹೊಲ ಮೇಯ್ದಿದೆ ಎಂದು ಕೊಟ್ಟೂರೇಶ್ ತೀರ್ಮಾನಿಸಿದರು. ಆದರೆ ರಶ್ಮಿತಾ ತಲೆಯಾಡಿಸಿದರು.

“ಮೇಯಕ್ಕೆ ಹೊಲಾನೇ ಇಲ್ರಿ ಸರ್. ಯಾರ ಹೆಸರಲ್ಲೂ ಕ್ಲೇಮೇ ಹಾಕಿಲ್ಲ. ದುಡ್ಡು ಕಂಪನಿಯಾಗೇ ಐತೆ. ಮ್ಯಾಲೆ ಸತ್ತೋರ ಕಂತೂ ಬಂದೈತೆ.”

ಹಾಗಾದರೆ ಕದ್ದದ್ದೇನು? ಕೊಟ್ಟೂರೇಶರಿಗೆ ತಲೆಬುಡ ತಿಳಿಯಲಿಲ್ಲ. ಸದಸ್ಯರು ಪ್ರತಿ ವರ್ಷ ಹೆಬ್ಬೆಟ್ಟು ಒತ್ತಿ ಕೊಡುತ್ತಿದ್ದ ನವೀಕರಣದ ಅರ್ಜಿಗಳನ್ನು ಪಂಚರ ಸಮಕ್ಷಮ ಜಪ್ತಿ ಮಾಡಿ, ಬೆರಳಚ್ಚು ಘಟಕಕ್ಕೆ ಕಳಿಸಿದರು. ನವೆಂಬರ್ 28ರಂದು ವರದಿ ಬಂತು. ಸತ್ತ ಹನ್ನೊಂದು ಮಂದಿಯ ಹೆಬ್ಬೆಟ್ಟೂ ಒಬ್ಬನದೇ. ಅದು ಹಯಾತ್ ಸಾಬರ ಸ್ವಂತ ಅರ್ಜಿಯ ಹೆಬ್ಬೆಟ್ಟಿಗೆ ತಾಳೆಯಾಗಿತ್ತು. ಹನ್ನೊಂದರಲ್ಲಿ ಒಂದು ಹೆಸರು ಫರ್ದೀನ್, ತಂದೆ ಹಯಾತ್ ಸಾಬ್.

ಮರುದಿನ ಬೆಳಿಗ್ಗೆ ಜೀಪು ಹರಿಹರಕ್ಕೆ ಹೋಯಿತು. ಕಾರ್ಯದರ್ಶಿ ಅಲ್ಲಿ ಮನೆ ಮಾಡಿದ್ದಾರೆಂಬ ಸುದ್ದಿ ಕೇಳಿ ಕೊಟ್ಟೂರೇಶ್ ಎರಡಂತಸ್ತಿನದನ್ನೇ ನಿರೀಕ್ಷಿಸಿದ್ದರು. ಸಿಕ್ಕಿದ್ದು ಹೊಳೆ ಕಡೆಯ ಒಂದು ಬಾಡಿಗೆ ಕೋಣೆ. ಒಂದು ಟ್ರಂಕು, ಒಂದು ಸ್ಟೋವು, ಕೆಮ್ಮಿನ ಔಷಧಿಯ ಬಾಟಲಿಗಳು. ಪಂಚನಾಮೆ ಅರ್ಧ ಪುಟಕ್ಕೇ ಮುಗಿಯಿತು.

ಅರವತ್ತು ದಾಟಿದ ಹಯಾತ್ ಸಾಬ್ ಚಾಪೆ ಹಾಸಿ, “ಕೂಡ್ರಿ,” ಎಂದರು.

“ಸತ್ತೋರ ಕಂತು ಯಾರು ಕಟ್ಟಿದ್ರು ಸಾಬ್ರೇ?”

“ನಾನು.”

“ದುಡ್ಡು?”

“ನನ್ ಭಟ್ಟಿ ಮಾರಿದೆ. ಕಂತಿಗೊಂದಿಷ್ಟು, ಆ ಮನಿಗಳ ಅಕ್ಕಿಗೊಂದಿಷ್ಟು.”

“ಯಾಕ?”

ಅವರು ಉಸಿರು ಹಿಡಿದು ಹಿಡಿದು ಹೇಳಿದರು. “ಮೊದಲ್ನೇ ವರ್ಷ ಆರು ಸಾವು ಆದ್ವು, ಆರೂ ಬರಸ್ದೆ. ಆರು ಮನಿಗೂ ದುಡ್ಡು ಬಂತು. ಮರುವರ್ಷ ಕಂತು ಡಬಲ್ ಆತು. ನೂರು ಮನೆಯೋರು ಕಟ್ಟಕ್ಕಾಗ್ದೆ ಬಿಟ್ರು. ಬಿಟ್ಟೋರಲ್ಲಿ ಹುಲಿಯಪ್ಪ ನಾಕು ತಿಂಗಳಿಗೇ ಹೋದ. ಅವನ ಹೆಂಡ್ತಿ ತಿಪ್ಪಮ್ಮ ಬಂದು ನನ್ ಬಾಗಿಲಾಗೆ ಕುಂತ್ಲು. ಅವ್ಳಿಗೆ ಏನು ಕೊಡ್ಲಿ? ಇನ್ನೂ ಸಾವು ತೋರ್ಸಿದ್ರೆ ವಿಮಾನೇ ನಿಲ್ಲಿಸ್ತಾರೆ ಅನ್ಕಂಡೆ.”

“ನಿಮ್ ಮಗಂದು?”

“ಹೋದ್ ವರ್ಷ. ಅವಂದೂ ಅದೇ ಕೆಮ್ಮು. ಬ್ಯಾರೇರ ಮಕ್ಕಳ ಸಾವು ಮುಚ್ಚಿಟ್ಟೋನು, ನನ್ ಮಗಂದು ಹೆಂಗೆ ಬರಸ್ಲಿ ಸಾಹೇಬ್ರೇ?”

ಕೊಟ್ಟೂರೇಶ್ ಬಂಧನದ ಮೆಮೊ ಬರೆದರು. ಬರೆಯದೆ ವಿಧಿಯಿರಲಿಲ್ಲ.

ಮಧ್ಯಾಹ್ನ ದಾವಣಗೆರೆಯ ಠಾಣೆಗೆ ಬಂದಾಗ, ಹೇಳಿಕೆ ಕೊಡಲು ಬಂದಿದ್ದ ರಶ್ಮಿತಾ ಅಲ್ಲೇ ಇದ್ದರು. ಹಯಾತ್ ಸಾಬ್ ಆಕೆ ಯಾರೆಂದು ಕೇಳಿ ತಿಳಿದುಕೊಂಡರು.

“ಕಂತು ಏರ್ಸೋರು ನೀವೇ ಏನವ್ವಾ?”

“ಹೌದು ಸಾಬ್ರೇ. ನೀವು ಸಾವು ಬರಸಿದ್ರೆ ಏರಸ್ತಿದ್ದೆ, ನಿಜ. ಆದ್ರೆ ಇನ್ನೊಂದು ಐತೆ. ಭಟ್ಟಿಗೆ ಹೊಗೆ ಕೊಳವಿ ಹಾಕಿಸ್ಬೇಕು, ಅರ್ಧ ಕಂತು ಸರ್ಕಾರನೇ ಕಟ್ಬೇಕು ಅಂತ ಎರಡು ವರ್ಷದ ಹಿಂದೆ ಮಾತು ನಡೆದಿತ್ತು. ಭಟ್ಟಿ ಕೆಲಸದಾಗೆ ಸಾವು ಜಾಸ್ತಿನಾ ಅಂತ ಸರ್ಕಾರದೋರು ನನ್ನ ಕೇಳಿದ್ರು. ನಿಮ್ ಸಂಘದ ಲೆಕ್ಕ ನೋಡಿ, ಮೊದಲ್ನೇ ವರ್ಷದ ಆರು ಆಕಸ್ಮಿಕ ಅನ್ಕಂಡು, ಇಲ್ಲ ಅಂತ ಬರದು ಕೊಟ್ಟೆ. ಅಲ್ಲಿಗೇ ಬಿಟ್ರು.”

ಹಯಾತ್ ಸಾಬರಿಗೆ ಅದು ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕೇಳಿದರು:

“ಕೊಳವಿ ಹಾಕಿದ್ರೆ ಎಷ್ಟು ಜನ ಉಳೀತಿದ್ರು?”

“ಮೂವರೋ, ನಾಲ್ವರೋ.”

“ಯಾರ್ಯಾರು?”

“ಎಷ್ಟು ಅಂತ ಹೇಳ್ಬೋದು. ಯಾರು ಅಂತ ಹೇಳಕ್ಕೆ ನನ್ ಲೆಕ್ಕಕ್ಕೆ ಬರಲ್ಲ, ಸಾಬ್ರೇ.”

ಹನ್ನೊಂದು ಮನೆಗೂ ದುಡ್ಡು ಕೊಡಲು ಕಂಪನಿ ಆಮೇಲೆ ಒಪ್ಪಿತು. ದೋಷಾರೋಪ ಪಟ್ಟಿಯಲ್ಲಿ ಅಪರಾಧದ ಉದ್ದೇಶ ಬರೆಯುವಾಗ ಕೊಟ್ಟೂರೇಶ್ ಎಂದಿನಂತೆ ‘ದುರಾಸೆ’ ಎಂದು ಬರೆಯಲು ಹೋಗಿ, ಅದನ್ನು ಹೊಡೆದು ಹಾಕಿ, ‘ಸತ್ತವರನ್ನು ಲೆಕ್ಕಕ್ಕೆ ಕೊಟ್ಟರೆ ಬದುಕಿದವರಿಗೆ ಏಟು ಬೀಳುತ್ತದೆಂಬ ಭಯ’ ಎಂದು ಬರೆದರು.

ಅದೆಲ್ಲ ಆಮೇಲಿನ ಮಾತು. ಆ ಮಧ್ಯಾಹ್ನ ಹಯಾತ್ ಸಾಬ್ ಠಾಣೆಯ ಗೋಡೆಗೆ ಒರಗಿ ಕೂತು, ಹನ್ನೊಂದು ಹೆಸರುಗಳನ್ನು ಒಂದೊಂದಾಗಿ ಹೇಳಿಕೊಳ್ಳತೊಡಗಿದರು. ಫರ್ದೀನ್ ಎಂಬಲ್ಲಿಗೆ ಬಂದು ನಿಲ್ಲಿಸಿದರು. ತಸ್ಲೀಮ್ ನೀರು ತಂದುಕೊಟ್ಟರು. ಅವರು ಲೋಟ ಮುಟ್ಟದೆ, ಮತ್ತೆ ಮೊದಲ ಹೆಸರಿನಿಂದ ಶುರು ಮಾಡಿದರು.