ಕರೆಂಟ್ ಕೋಣೆಯ ಹೊರಗೆ

"ಓಡಿಹೋಗೋದಾದ್ರೆ ಬಲಗಡೆ ಬಾಗಿಲು ಒಳ್ಳೇದು. ಈ ಎಡಗಡೆಯದು ನೇರ ವಾರ್ಡಿಗೆ ಹೋಗುತ್ತೆ."

ಬಾಗಿಲ ಹಿಡಿಕೆಯ ಮೇಲಿದ್ದ ಅವಳ ಕೈ ಅಲ್ಲೇ ನಿಂತಿತು. ತಿರುಗಿ ನೋಡಿದಳು.

ಕಾಯುವ ಕೋಣೆಯ ಕೊನೆಯ ಕುರ್ಚಿಯಲ್ಲಿ ಆಸ್ಪತ್ರೆಯ ಹಸಿರು ಅಂಗಿ ತೊಟ್ಟವನೊಬ್ಬ ಕೂತಿದ್ದ. ಎಡಗೈಗೆ ಸೂಜಿ ಚುಚ್ಚಿ ಟೇಪು ಅಂಟಿಸಿದ್ದರು. ಮುಖ ಬಿಳಿಚಿಕೊಂಡಿತ್ತು. ಕಣ್ಣು ಮಾತ್ರ ನಗುತ್ತಿತ್ತು.

ಆ ಸೋಮವಾರ ತಪಾಸಣೆಗೆಂದು ಕರೆತಂದಿದ್ದ ಅಮ್ಮ ನೀರು ತರಲು ಹೋಗಿದ್ದಳು. ಅವಳು ಬರುವಷ್ಟರಲ್ಲಿ ತಪ್ಪಿಸಿಕೊಳ್ಳಬೇಕು ಎಂದುಕೊಂಡಿದ್ದವಳು ಈಗ ಸಿಕ್ಕಿಬಿದ್ದಿದ್ದಳು.

"ನಿಮಗೆ... ಇವತ್ತು ಕರೆಂಟ್ ಕೊಡ್ತಾರಾ?"

"ಇನ್ನೇನು ಕರೀತಾರೆ."

"ನೋವಾಗುತ್ತಾ?"

"ನಿದ್ದೆ ಬರಿಸ್ತಾರೆ, ಗೊತ್ತೇ ಆಗಲ್ಲ. ಎದ್ಮೇಲೆ ತಲೆ ಸಿಡಿಯುತ್ತೆ. ಅದಕ್ಕಿಂತ ಬೆಳಗ್ಗೆಯಿಂದ ಕಾಫಿ ಇಲ್ದೆ ಕೂತಿರೋದೇ ದೊಡ್ಡ ಹಿಂಸೆ."

ಅವಳಿಗೆ ನಗು ಬರಲಿಲ್ಲ. ಆದರೆ ಪಕ್ಕದ ಕುರ್ಚಿಯಲ್ಲಿ ಕೂತಳು. ಮೂಗಿನಿಂದ ಜಾರುತ್ತಿದ್ದ ಅವಳ ಕನ್ನಡಕವನ್ನು ಅವನು ಸ್ವಲ್ಪ ಹೊತ್ತು ನೋಡಿದ. ತಡೆಯಲಾಗದೆ ಕೈ ಚಾಚಿದ. ತನಗೆ ಕನ್ನಡಕದಂಗಡಿ ಇದೆಯೆಂದೂ, ಸಡಿಲವಾದದ್ದು ಕಂಡರೆ ಕೈ ಸುಮ್ಮನಿರುವುದಿಲ್ಲವೆಂದೂ ಹೇಳಿಕೊಂಡ. ಕಡ್ಡಿಯನ್ನು ಬೆರಳಿನಲ್ಲೇ ಬಗ್ಗಿಸಿ, ಅಂಗಿಯ ತುದಿಯಿಂದ ಗಾಜು ಒರೆಸಿ, ತಾನೇ ಅವಳಿಗೆ ತೊಡಿಸಿದ. ಬೆರಳು ಕಿವಿಯ ಹಿಂದೆ ಮೆಲ್ಲಗೆ ತಾಗಿತು.

ಎಷ್ಟೋ ತಿಂಗಳಿಂದ ಮರಗಟ್ಟಿದ್ದ ಮೈಯಲ್ಲಿ ಎಲ್ಲೋ ಒಂದು ಕಡೆ ಬೆಚ್ಚಗಾಯಿತು. 'ಇದೇನಿದು...' ಅವಳಿಗೆ ಅದಕ್ಕೂ ಭಯವಾಯಿತು.

ಒಳಗಿನಿಂದ ಕರೆ ಬರುವವರೆಗೂ ಇಬ್ಬರೂ ಮಾತಾಡಿದರು. ತಾನು ಹಾಸಿಗೆ ಬಿಟ್ಟು ಏಳಲಾಗದೆ ಬಿದ್ದಿದ್ದುದನ್ನೂ, ಅಕ್ಕ ತನ್ನನ್ನು ಹೆಚ್ಚುಕಮ್ಮಿ ಎತ್ತಿಕೊಂಡೇ ಇಲ್ಲಿಗೆ ತಂದಿದ್ದನ್ನೂ ಅವನು ಮುಚ್ಚುಮರೆಯಿಲ್ಲದೆ ಹೇಳಿದ. ಎದ್ದು ಹೋಗುವಾಗ ತಿರುಗಿ ನೋಡಿದ.

"ಗುರುವಾರ ನಿಮ್ಮದು ಶುರು ಅಲ್ವಾ? ಬನ್ನಿ. ನಾನೂ ಇರ್ತೀನಿ."

ಅವಳು ಹೆಂಗಸರಿಗೆ ಕಾರು ಕಲಿಸುವವಳು. ಬೀದಿಯವರಿಗೆಲ್ಲ 'ಡ್ರೈವಿಂಗ್ ಮೇಡಂ'. ಅವಳ ಪುಟ್ಟ ಕಾರಿನಲ್ಲಿ ಅವಳ ಕಾಲ ಬಳಿಯೂ ಒಂದು ಬ್ರೇಕ್ ಇತ್ತು. ಕೆಲವು ತಿಂಗಳ ಹಿಂದೆ ಒಂದು ದಿನ ಕಲಿಯುತ್ತಿದ್ದ ಹುಡುಗಿ ತಡವರಿಸಿದಾಗ ಕಾರು ಗೋಡೆಯ ಕಡೆ ನುಗ್ಗಿತು. ಗೋಡೆ ಬರುತ್ತಿರುವುದು ಮೇಡಂಗೆ ಕಂಡಿತ್ತು. ಕಾಲು ಬ್ರೇಕಿನ ಮೇಲೇ ಇತ್ತು. ಒತ್ತಬೇಕು ಅನ್ನಿಸಲಿಲ್ಲ. ಬಂದರೆ ಬರಲಿ ಅನ್ನಿಸಿತು.

ಕಿರುಚಿ ಬ್ರೇಕ್ ಒತ್ತಿದ್ದು ಆ ಹುಡುಗಿಯೇ.

ಆವತ್ತೇ ಅವಳು ಕಾರಿನ ಕೀ ತಂದು ಅಮ್ಮನ ಕೈಗಿಟ್ಟು, ಮೊದಲ ಬಾರಿಗೆ ಎಲ್ಲವನ್ನೂ ಹೇಳಿದಳು. ಅದಾದಮೇಲೆ ಮಾತ್ರೆಗಳು ಶುರುವಾದವು. ಒಂದು ಬಗೆಯದರಲ್ಲಿ ಬರೀ ಬಾಯಿ ಒಣಗಿತು. ಡಾಕ್ಟರು ಪ್ರಮಾಣ ಹೆಚ್ಚಿಸಿ ನೋಡಿ, ಆಮೇಲೆ ಬೇರೆಯದು ಕೊಟ್ಟರು. ಅದರಲ್ಲಿ ಕೈ ನಡುಗಿತು. ಮನಸ್ಸು ಮಾತ್ರ ಇದ್ದಲ್ಲಿಂದ ಅಲುಗಲಿಲ್ಲ.

ಕೊನೆಗೆ ಡಾಕ್ಟರಮ್ಮ ಎದುರು ಕೂರಿಸಿಕೊಂಡು ವಿವರಿಸಿದರು. ಮಾತ್ರೆಯಲ್ಲೇ ಹುಷಾರಾಗುವವರು ಬಹಳ ಜನರಿದ್ದಾರೆ. ಆದರೆ ಎರಡು ಬಗೆಯವು ಕೇಳದಿದ್ದರೆ ಮೂರನೆಯದು ಕೇಳುವ ಸಾಧ್ಯತೆ ಕಮ್ಮಿಯಾಗುತ್ತದೆ. ಕರೆಂಟ್ ಚಿಕಿತ್ಸೆಯಲ್ಲಿ ಅಂಥವರಲ್ಲೂ ಅರ್ಧದಷ್ಟು ಜನ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಜನ ಚೇತರಿಸಿಕೊಳ್ಳುತ್ತಾರೆ. ಎಲ್ಲರೂ ಅಲ್ಲ. ಆಮೇಲೂ ಮಾತ್ರೆ ಬಿಡುವಂತಿಲ್ಲ, ಬಿಟ್ಟರೆ ಕಾಯಿಲೆ ಮರಳುವುದೇ ಹೆಚ್ಚು. ಆ ದಿನಗಳ ಆಸುಪಾಸಿನ ಕೆಲವು ನೆನಪುಗಳು ಅಳಿಸಿಹೋಗಬಹುದು. ಕೆಲವು ವಾಪಸ್ ಬರದೆಯೂ ಇರಬಹುದು.

ಗುರುವಾರ ಅವಳು ಹೋದಳು. ಡಾಕ್ಟರು ಹೇಳಿದಂತೆ ಖಾಲಿ ಹೊಟ್ಟೆಯಲ್ಲಿ. ಅವನು ಅದೇ ಕುರ್ಚಿಯಲ್ಲಿದ್ದ. ನೋಡಿದ ಕೂಡಲೇ ಎದೆಯ ಭಾರ ಸ್ವಲ್ಪ ಇಳಿದಂತಾಗಿ ಪಕ್ಕದಲ್ಲಿ ಕೂತಳು.

"ಬಂದೆ ನೋಡಿ..."

ಅವನು ತಲೆಯೆತ್ತಿದ. ಕಣ್ಣಲ್ಲಿ ಗುರುತೇ ಇರಲಿಲ್ಲ.

"ಕ್ಷಮಿಸಿ, ನಮ್ಮ ಅಂಗಡಿಗೆ ಬಂದಿದ್ರಾ?"

ತಮಾಷೆಯಲ್ಲ, ಇವನಿಗೆ ನಿಜವಾಗಿಯೂ ಗೊತ್ತಿಲ್ಲ! ಸೋಮವಾರ ಬೆಳಿಗ್ಗೆ ಇವನ ತಲೆಯಲ್ಲಿ ಇಲ್ಲವೇ ಇಲ್ಲ. 'ನನಗೂ ಹೀಗೇ ಆದರೆ? ತೀರಿಹೋದ ಅಪ್ಪನ ದನಿ? ಅಮ್ಮನ ಮುಖ?'

ಈ ಸಲ ಅವಳು ಬಲಗಡೆ ಬಾಗಿಲಿನಿಂದ ಓಡಿಹೋದಳು. ಹಿಂದೆ ಅಮ್ಮ ಏದುಸಿರು ಬಿಡುತ್ತ ಮೆಟ್ಟಿಲಿಳಿಯುತ್ತಿದ್ದಳು.

ಆಮೇಲಿನ ದಿನಗಳು ಕೆಟ್ಟದಾಗಿದ್ದವು. ಅವಳು ಊಟ ಬಿಟ್ಟಳು, ಮಾತು ಬಿಟ್ಟಳು. ಅಮ್ಮ ಮನೆಯ ಚಾಕುಗಳನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಕೊನೆಗೆ ನೆರೆಯವಳನ್ನು ಮಗಳ ಬಳಿ ಕೂರಿಸಿ, ಡಾಕ್ಟರನ್ನು ಕೇಳಲು ಆಸ್ಪತ್ರೆಗೆ ಹೋದಳು. ಗುರುವಾರ ಮಗಳ ಪಕ್ಕ ಕಂಡಿದ್ದ ಅವನು ಅಲ್ಲಿ ಸಿಕ್ಕಾಗ ದುಃಖ ತಡೆಯದೆ, ನಿನ್ನಿಂದಲೇ ನನ್ನ ಮಗಳು ಹೀಗಾದಳು ಎಂದು ಎಲ್ಲರೆದುರು ಬೈದೇಬಿಟ್ಟಳು. ಅವನು ಎದುರಾಡಲಿಲ್ಲ. ನಡೆದಿದ್ದನ್ನೆಲ್ಲ ಕೇಳಿ ತಿಳಿದುಕೊಂಡ.

ಮಾರನೆಯ ದಿನ ಅಕ್ಕನನ್ನು ಕರೆದುಕೊಂಡು ಮನೆಗೇ ಬಂದ. ಅಮ್ಮ ಅಕ್ಕನ ಜೊತೆ ಬಾಗಿಲಲ್ಲೇ ನಿಂತಳು. ಗೋಡೆಗೆ ಮುಖಮಾಡಿ ಮಲಗಿದ್ದವಳಿಂದ ಸ್ವಲ್ಪ ದೂರದಲ್ಲಿ ಅವನು ಸ್ಟೂಲು ಎಳೆದು ಕೂತ.

"ನೀವು ನನಗೆ ನೆನಪಿಲ್ಲ," ಎಂದ. "ಸುಳ್ಳು ಹೇಳಲ್ಲ. ನಿಮ್ಮಮ್ಮ ಹೇಳಿದ್ಮೇಲೆ ನನಗೂ ಭಯ ಆಯ್ತು. ಇನ್ನೂ ಏನೇನು ಹೋಗಿದ್ಯೋ ಅಂತ."

ಅವಳು ಹೊದಿಕೆಯನ್ನು ತಲೆಯವರೆಗೆ ಎಳೆದುಕೊಂಡಳು.

"ಅಮ್ಮನ ಮುಖ, ಕಲಿತ ಕೆಲಸ, ಅಕ್ಕನ ಬೈಗುಳ, ಎಲ್ಲಾ ಇದೆ. ಮಧ್ಯೆ ಕೆಲವು ದಿನ ಇಲ್ಲ. ಸಾಯಬೇಕು ಅಂದ್ಕೊಂಡಿದ್ದು ಮಾತ್ರ ಚೆನ್ನಾಗಿ ನೆನಪಿದೆ. ಈಗ ಹಾಗನ್ನಿಸ್ತಿಲ್ಲ."

ಗೋಡೆಯ ಕಡೆಯಿಂದ ಸಣ್ಣ ದನಿ ಬಂತು. "ನನಗೆ ಕೆಲಸ ಮಾಡದೆ ಹೋದ್ರೆ?"

"ಗೊತ್ತಿಲ್ಲ. ಡಾಕ್ಟರಿಗೂ ಮೊದಲೇ ಗೊತ್ತಾಗಲ್ವಂತೆ. ಆದ್ರೆ ನಾನು ಹೊರಗೆ ಕೂತಿರ್ತೀನಿ."

ಸಮಾಧಾನದ ಮಾತು ಎಷ್ಟೋ ಜನ ಹೇಳಿದ್ದರು. ಗೊತ್ತಿಲ್ಲ ಅಂದವನು ಇವನೊಬ್ಬನೇ. ಅವಳು ಮೆಲ್ಲಗೆ ಈ ಕಡೆ ಹೊರಳಿದಳು.

ಕೊನೆಗೂ ಕರೆಂಟ್ ಕೋಣೆಯೊಳಗೆ, ಹಣೆಯ ಮೇಲೆ ತಣ್ಣನೆಯ ಅಂಟು, ಮೂಗಿನ ಮೇಲೆ ಮಾಸ್ಕು, ದೀರ್ಘವಾಗಿ ಉಸಿರೆಳೆಯಿರಿ ಎನ್ನುವ ದನಿ. ಅವಳು ಮಂಚದ ಅಂಚನ್ನು ಬಿಗಿಯಾಗಿ ಹಿಡಿದಿದ್ದಳು. ಕಣ್ಣು ಬಿಟ್ಟಾಗ ಎಲ್ಲ ಮುಗಿದಿತ್ತು. ದವಡೆ ನೋಯುತ್ತಿತ್ತು. ತಾನೆಲ್ಲಿದ್ದೇನೆ ಎಂದೇ ತಿಳಿಯಲಿಲ್ಲ. ಎದುರಿಗೆ ಯಾರೋ ಒಬ್ಬ ನಿಂತಿದ್ದ.

"ಯಾರು?"

ಅವನ ಮುಖ ಒಂದು ಕ್ಷಣ ಬಾಡಿತು. ಮರೆತವನ ಭಯ ಅವನಿಗೆ ಗೊತ್ತಿತ್ತು. ಮರೆಯಲ್ಪಟ್ಟವನ ಭಯ ಈಗ ಗೊತ್ತಾಯಿತು.

"ಕನ್ನಡಕದಂಗಡಿಯವನು," ಎಂದ.

ಅರ್ಧ ಗಂಟೆಯಲ್ಲಿ ಗುರುತು ಮರಳಿತು. ಮುಂದಿನ ಸಲವೂ ಅದೇ ಪ್ರಶ್ನೆ, ಅದೇ ಉತ್ತರ. ಅದರಾಚೆಯ ಸಲವೂ. ಬೇಸರವಿಲ್ಲದೆ ಅವನು ಹೇಳುತ್ತಲೇ ಹೋದ.

ಎರಡು ವಾರ ಏನೂ ಬದಲಾಗಲಿಲ್ಲ. 'ನಾನು ಹುಷಾರಾಗದ ಉಳಿದರ್ಧದವಳು' ಎಂದು ಅವಳು ಒಳಗೊಳಗೇ ನಡುಗಿದಳು. ಆಮೇಲೆ ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತ, ಇದಕ್ಕೆ ಸಕ್ಕರೆ ಹಾಕೋದು ಮರೆತೆಯಾ ಎಂದು ಅಮ್ಮನ ಮೇಲೆ ರೇಗಿದಳು. ಅಮ್ಮ ಚಮಚ ಹಿಡಿದು ನಿಂತಲ್ಲೇ ಅತ್ತುಬಿಟ್ಟಳು. ಮಗಳಿಗೆ ರುಚಿ ತಿಳಿದು ಎಷ್ಟು ಕಾಲವಾಗಿತ್ತು!

ಚಿಕಿತ್ಸೆ ಮುಗಿಯುವ ಹೊತ್ತಿಗೆ ಅವಳು ಕಳೆದುಕೊಂಡದ್ದೂ ತಿಳಿಯಿತು. ಗೆಳತಿಯ ಮದುವೆಗೆ ಹೋಗಿದ್ದು ಫೋಟೋದಲ್ಲಿತ್ತು, ತಲೆಯಲ್ಲಿರಲಿಲ್ಲ. ಆ ಫೋಟೋ ಹಿಡಿದು ಒಂದು ಮಧ್ಯಾಹ್ನವೆಲ್ಲ ಅತ್ತಳು. ಅಪ್ಪನ ದನಿ ಮಾತ್ರ ಉಳಿದಿತ್ತು.

ಆದರೆ ಕೊನೆಯ ಚಿಕಿತ್ಸೆಯ ದಿನ ಹೊರಗಿನ ಕುರ್ಚಿ ಖಾಲಿಯಿತ್ತು. ಆಮೇಲೂ ಅವನು ಬರಲಿಲ್ಲ, ಫೋನು ಎತ್ತಲಿಲ್ಲ.

'ಮತ್ತೆ ಹಾಸಿಗೆ ಹಿಡಿದನಾ? ಅಥವಾ ಅದಕ್ಕಿಂತ...' ಮುಂದಕ್ಕೆ ಯೋಚಿಸಲು ಅವಳಿಗೆ ಧೈರ್ಯವಾಗಲಿಲ್ಲ. ಡಾಕ್ಟರು ಇನ್ನೂ ಕಾರು ಓಡಿಸಲು ಒಪ್ಪಿರಲಿಲ್ಲ. ಅವನ ಅಂಗಡಿಗೆ ನಡೆದೇ ಹೊರಟಳು. ನಡಿಗೆ ಓಟವಾಯಿತು.

ಅಂಗಡಿ ತೆರೆದಿತ್ತು. ಅವನು ಮೆಷಿನ್ನಿನ ಮುಂದೆ ಗಾಜಿನ ಅಂಚು ಉಜ್ಜುತ್ತಿದ್ದ. ಅವಳು ಬಾಗಿಲು ಹಿಡಿದು ನಿಂತಳು.

"ಬದುಕಿದ್ದೀರಲ್ಲ... ಅಷ್ಟು ಸಾಕು," ಎಂದಳು.

ಅವನು ಮೆಷಿನ್ ನಿಲ್ಲಿಸಿದ. ತಲೆ ತಗ್ಗಿಸಿಯೇ ಹೇಳಿದ. "ಹುಷಾರಾಗಿದ್ದೀನಿ. ಅದಲ್ಲ... ನಿಮ್ಮ ಮೇಲೆ ಮನಸ್ಸಾಯ್ತು. ನೀವು ಕಷ್ಟದಲ್ಲಿದ್ದಾಗ ಪಕ್ಕ ಕೂತವನು ನಾನು. ಹುಷಾರಾದ್ಮೇಲೆ ಋಣ ಅಂತ ಒಪ್ಪಿಬಿಟ್ರೆ? ಅದಕ್ಕೇ ದೂರ ಉಳಿದೆ. ಮೇಲಾಗಿ ನನಗೆ ಇದು ಯಾವಾಗ ಬೇಕಾದ್ರೂ ಮತ್ತೆ ಬರಬಹುದು."

"ನನಗೂ ಬರಬಹುದು."

"ಇಬ್ಬರಿಗೂ ಒಟ್ಟಿಗೆ ಬಂದ್ರೆ?"

"ನಿಮ್ಮಕ್ಕನ್ನೂ ನಮ್ಮಮ್ಮನ್ನೂ ಕರೆಸೋಣ. ಇಬ್ಬರೂ ಸೇರಿ ಬೈತಾರೆ."

ಅವನು ನಕ್ಕ. ನಗುತ್ತಲೇ ಕಣ್ಣು ಒರೆಸಿಕೊಂಡ. ಅವಳು ಒಳಗೆ ಬಂದು, ಗಾಜಿನ ಪುಡಿ ಮೆತ್ತಿದ್ದ ಅವನ ಕೈ ಹಿಡಿದುಕೊಂಡಳು.

"ಋಣ ಅಲ್ಲ," ಎಂದಳು. "ದಾರಿಯುದ್ದಕ್ಕೂ ಯೋಚಿಸಿದೆ. ಋಣ ಇದ್ದಿದ್ರೆ ನಡ್ಕೊಂಡು ಬರ್ತಿದ್ದೆ, ಓಡ್ತಿರಲಿಲ್ಲ."

ಅವಳು ಹಿಡಿತವನ್ನು ಇನ್ನಷ್ಟು ಬಿಗಿ ಮಾಡಿದಳು.

"ಹೆದರಿಕೆ ಆಗ್ತಿದ್ಯಾ ನಿಮಗೆ?" ಅವನು ಕೇಳಿದ.

"ಆಗ್ತಿದೆ. ನಿನಗೆ?"

ಆ ಏಕವಚನ ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು.

"ನನಗೂ ಆಗ್ತಿದೆ ಕಣೆ," ಎಂದ. "ಕೈ ಬಿಡಬೇಡ."